ಬೋರಲು ಹಾಕಿದ ಡಬ್ಬಿ

ಊಟದ ಸ್ಟೀಲ್ ಡಬ್ಬಿಯನ್ನು ತೊಳೆದ ಮೇಲೆ ಎಲ್ಲಿ ಒಣಗಿಸಬೇಕು ಎಂಬ ವಿಷಯದಲ್ಲಿ ಲೋಕದಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಇರಲಿಕ್ಕಿಲ್ಲ. ಬಹುಪಾಲು ಜನ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೋ ಪಾತ್ರೆಗಳ ಬುಟ್ಟಿಯಲ್ಲೋ ಬೋರಲು ಹಾಕಿ ಮರೆತುಬಿಡುತ್ತಾರೆ. ನಮ್ಮ ಓಣಿಯವರು ಮಾತ್ರ ಅದನ್ನು ಗೇಟಿನ ಕಂಬದ ಮೇಲೆ, ಹೋಗಿಬರುವವರಿಗೆಲ್ಲ ಎದ್ದು ಕಾಣುವಂತೆ ಬೋರಲು ಹಾಕುತ್ತಾರೆ. ಹೊಸದಾಗಿ ಬಂದವರು ಇದೇನೋ ದೃಷ್ಟಿ ತಗಲದಂತೆ ಮಾಡಿದ ಉಪಾಯವಿರಬೇಕೆಂದು ತಿಳಿಯುವುದುಂಟು. ಒಬ್ಬ ಪೋಸ್ಟಮನ್ನಂತೂ ಪತ್ರ ಹಾಕಲು ಇಟ್ಟ ನವೀನ ಮಾದರಿಯ ಪೆಟ್ಟಿಗೆಯೆಂದು ಭಾವಿಸಿ, ನನ್ನ ವಿಮೆಯ ನೋಟೀಸನ್ನು ಅದರಡಿ ಸಿಕ್ಕಿಸಿ ಹೋಗಿದ್ದ. ಆ ಡಬ್ಬಿಯ ಅರ್ಥವನ್ನು ನಿಮಗೆ ವಿವರಿಸಬೇಕು. ವಿವರಿಸುತ್ತ ಹೋದಂತೆ ನನ್ನ ಮಾನ ಒಂದಿಷ್ಟು ಹರಾಜಾಗುತ್ತದೆ. ಆದರೂ ಅಡ್ಡಿಯಿಲ್ಲ, ಮಾನವೆನ್ನುವುದು ಈ ಬೇಸಿಗೆಯಲ್ಲಿ ನನ್ನ ಬಳಿ ಉಳಿದಿರುವುದೂ ಅಷ್ಟಕ್ಕಷ್ಟೆ.

ನಮ್ಮದು ಚಿಕ್ಕೋಡಿಯ ಅಂಚಿನಲ್ಲಿರುವ, ಹತ್ತು ಹನ್ನೆರಡು ಮನೆಗಳ ಒಂದು ಪುಟ್ಟ ಓಣಿ. ಇಲ್ಲಿಯ ಗಂಡಸರೆಲ್ಲ ಸಕ್ಕರೆ ಕಾರಖಾನೆಯ ನೌಕರರು. ದೀಪಾವಳಿಯ ಆಚೀಚೆ ಕಬ್ಬು ಅರೆಯುವ ಸೀಜನ್ ಶುರುವಾಯಿತೆಂದರೆ ಕಾರಖಾನೆಗೆ ಹಗಲು ರಾತ್ರಿಗಳ ವ್ಯತ್ಯಾಸವಿರುವುದಿಲ್ಲ. ನಾವು ಪಾಳಿಯ ಮೇಲೆ ಹೋಗಿಬರುತ್ತೇವೆ. ನನ್ನ ಕೆಲಸ ಪ್ರಯೋಗಶಾಲೆಯಲ್ಲಿ. ಗಂಟೆಗೊಮ್ಮೆ ಕಬ್ಬಿನ ರಸ ತರಿಸಿ, ಅದರಲ್ಲಿ ಸಿಹಿ ಎಷ್ಟಿದೆ ಎಂದು ಅಳೆದು ಬರೆದಿಡುವುದು. ಐದಾರು ತಿಂಗಳ ಕಾಲ ಊರವರ ಕಬ್ಬಿನ ಮಾಧುರ್ಯವನ್ನು ಅಳೆಯುವ ಈ ಮನುಷ್ಯ ತನ್ನ ಮಾತಿನ ಮಾಧುರ್ಯವನ್ನು ಒಮ್ಮೆಯಾದರೂ ಅಳೆದುಕೊಂಡವನಲ್ಲ ಎಂಬುದು ನನ್ನ ಹೆಂಡತಿ ಸುನಂದಾಳ ಹಳೆಯ ಆಕ್ಷೇಪ. ಅದನ್ನು ನಾನು ಇದುವರೆಗೆ ವಿನೋದವೆಂದೇ ಸ್ವೀಕರಿಸುತ್ತ ಬಂದಿದ್ದೆ.

ರಾತ್ರಿಪಾಳಿ ಮುಗಿಸಿ ಬಂದವನ ಡಬ್ಬಿಯನ್ನು ಹೆಂಡತಿಯಾದವಳು ತೊಳೆದು, ಬೆಳಗಿನ ಬಿಸಿಲು ಮೊದಲು ಬೀಳುವ ಜಾಗವೆಂದು ಗೇಟಿನ ಕಂಬದ ಮೇಲೆ ಇಡುತ್ತಿದ್ದಳು. ಡಬ್ಬಿ ಕಂಡಿತೆಂದರೆ ಯಜಮಾನ ಬಂದಿದ್ದಾನೆ, ಮಲಗಿದ್ದಾನೆ ಎಂದು ನೆರೆಯವರಿಗೆ ತಿಳಿಯುತ್ತಿತ್ತು. ಹೀಗೆ ಒಣಗಲಿಕ್ಕೆ ಇಟ್ಟದ್ದು ಕ್ರಮೇಣ ಓಣಿಯ ಅಲಿಖಿತ ಶಾಸನವಾಯಿತು. ಡಬ್ಬಿ ಇರುವ ಮನೆಯ ಮುಂದೆ ತರಕಾರಿಯವಳು ಕೂಗುವುದಿಲ್ಲ, ಹಾಲಿನವನು ಹಾರ್ನ್ ಒತ್ತುವುದಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಹುಡುಗರು, ಎದೆ ಅದುರಿಸುವ ಹಾಡುಗಳನ್ನು ಹಚ್ಚಿಕೊಂಡು ಊರೆಲ್ಲ ಮೆರೆಯುವವರು, ನಮ್ಮ ಓಣಿಯ ತಿರುವಿನಲ್ಲಿ ಹಾಡು ಬಂದ್ ಮಾಡುತ್ತಾರೆ. ಮಕ್ಕಳು ‘ಕುಲ್ಫಿ ಮಾಮಾ’ ಎಂದು ಕರೆಯುವ ಕುಲ್ಫಿಯವನು ಸೈಕಲ್ಲಿನ ಗಂಟೆಯ ನಾಲಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ದಾಟಿಹೋಗುತ್ತಾನೆ. ದಣಿದವನ ನಿದ್ದೆಗೆ ಇಡೀ ಓಣಿ ಕೊಡುವ ಈ ಗೌರವ ನನಗೆ ಅತ್ಯಂತ ಸುಸಂಸ್ಕೃತವಾಗಿ ಕಾಣುತ್ತಿತ್ತು. ಈಗಲೂ ಕಾಣುತ್ತದೆ. ತಪ್ಪು ಪದ್ಧತಿಯದಲ್ಲ.

ಮನೆಯೊಳಗಿನ ಶಿಸ್ತು ಇನ್ನೂ ಬಿಗಿ. ಸುನಂದಾ ಅಥಣಿಯ ಕಡೆಯ ತೆಲಸಂಗದವಳು. ಅಲ್ಲಿಯ ಮಡ್ಡಿ ಹೊಲಗಳು ಎಷ್ಟು ವಿಶಾಲವೆಂದರೆ, ಒಂದು ಬದುವಿನಲ್ಲಿ ನಿಂತು ಇನ್ನೊಂದು ಬದುವಿನವರನ್ನು ಊಟಕ್ಕೆ ಕರೆಯಬೇಕಾದರೆ ಕಂಠದಲ್ಲಿ ಸತ್ವವಿರಬೇಕು. ಮದುವೆಯಾಗಿ ಬಂದಾಗ ಅವಳ ಧ್ವನಿ ಹಾಗೆಯೇ ಇತ್ತು. ಅವಳು ಹಿತ್ತಲಲ್ಲಿ ನಿಂತು ನನ್ನನ್ನು ಚಹಾಕ್ಕೆ ಕರೆದರೆ ಓಣಿಯ ಅರ್ಧ ಜನಕ್ಕೆ ಚಹಾದ ನೆನಪಾಗುತ್ತಿತ್ತು. ಹತ್ತು ಸೀಜನ್‌ಗಳಲ್ಲಿ ಆ ಧ್ವನಿ ಎಲ್ಲಿಗೆ ಹೋಯಿತೋ. ಈಗ ಅವಳು ಕುಕ್ಕರು ಸೀಟಿ ಹೊಡೆಯುವ ಮೊದಲೇ ಅದನ್ನು ಒಲೆಯಿಂದ ಇಳಿಸುವ ಕಲೆಯಲ್ಲಿ ಪಾರಂಗತೆ. ಎಂಟು ವರ್ಷದ ಮಗಳು ಮಯೂರಿ, ಐದು ವರ್ಷದ ಮಗ ಸಮರ್ಥ, ಇಬ್ಬರೂ ಹುಟ್ಟುವಾಗಲೇ ಈ ಶಾಸನದ ಪ್ರಜೆಗಳು. ಅವರು ನಡೆಯಲು ಕಲಿಯುವ ಮೊದಲು ತುದಿಗಾಲಲ್ಲಿ ನಡೆಯಲು ಕಲಿತರೆಂದು ನಾನು ಬಂದವರ ಮುಂದೆ ಹೇಳಿ ನಗುತ್ತಿದ್ದೆ. ಕೇಳಿದವರೂ ನಗುತ್ತಿದ್ದರು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಕಾರಖಾನೆಯ ಚಿಮಣಿ ತಣ್ಣಗಾಗುತ್ತದೆ. ನಮ್ಮಂಥ ಸೀಜನ್ ನೌಕರರಿಗೆ ಅಲ್ಲಿಂದ ಮುಂದೆ ಆರೇಳು ತಿಂಗಳು ಮನೆವಾಸ. ಮೇಲಾಗಿ ಶಾಲೆಗೂ ಸೂಟಿ. ಹೀಗೆ ವರ್ಷದಲ್ಲಿ ಒಮ್ಮೆ, ಚೈತ್ರ ವೈಶಾಖದ ಉರಿಬಿಸಿಲಿನಲ್ಲಿ, ತಂದೆಯೂ ಮಕ್ಕಳೂ ಒಂದೇ ಮಾಡಿನ ಕೆಳಗೆ ದಿನದ ಇಪ್ಪತ್ನಾಲ್ಕು ತಾಸೂ ಒಬ್ಬರಿಗೊಬ್ಬರು ಒದಗುತ್ತಾರೆ. ಡಿಸೆಂಬರಿನ ಚಳಿಯಲ್ಲಿ ಪ್ರಯೋಗಶಾಲೆಯ ಸ್ಟೂಲಿನ ಮೇಲೆ ಕೂತು ನಾನು ಈ ದಿನಗಳ ಕನಸು ಕಾಣುವುದುಂಟು. ಮಕ್ಕಳನ್ನು ಕೃಷ್ಣೆಯ ದಂಡೆಗೆ ಕರೆದೊಯ್ಯಬೇಕು, ಗಾಳಿಪಟ ಕಟ್ಟಿಕೊಡಬೇಕು, ಮಾವಿನಹಣ್ಣಿನ ಶೀಕರಣಿಯನ್ನು ನಾನೇ ಕೈಯಾರೆ ಕಿವುಚಬೇಕು. ಕನಸಿನಲ್ಲಿ ನಾನು ಬಹಳ ಉತ್ತಮ ತಂದೆ.

ಈ ವರ್ಷ ಶಾಲೆಯ ಸೂಟಿ ಬಿದ್ದ ಮೊದಲ ವಾರದಲ್ಲಿಯೇ ಉತ್ತಮ ತಂದೆಗೆ ಸಾಕುಸಾಕಾಯಿತು. ಸಮರ್ಥ ಬೆಳಗಿನ ಆರಕ್ಕೆ ಎದ್ದು, ಚಮಚೆಯಿಂದ ಬಕೆಟ್ಟು ಬಾರಿಸುತ್ತ ಮನೆಯ ಸುತ್ತ ಮೆರವಣಿಗೆ ತೆಗೆಯುತ್ತಿದ್ದ. ಮಯೂರಿಗೆ ಪ್ರಶ್ನೆಗಳ ರೋಗ. ಆಕಾಶಕ್ಕೆ ಬಿಸಿಲು ಸುಡುವುದಿಲ್ಲವೇ, ಎಮ್ಮೆಗೆ ತಾನು ಎಮ್ಮೆಯೆಂದು ಗೊತ್ತೇ, ನೀವು ಕಾರಖಾನೆಯಲ್ಲಿ ಸಕ್ಕರೆ ತಿನ್ನುತ್ತೀರೋ ಬರೇ ನೋಡುತ್ತೀರೋ. ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ, ಕಣ್ಣಿಗೆ ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ಬಕೆಟ್ಟಿನ ಮೆರವಣಿಗೆ ಹೊರಟಿತು. ನಾನು ಎದ್ದೆ. ಸಿಟ್ಟು ಮಾಡಲಿಲ್ಲ, ಗದರಿಸಲಿಲ್ಲ. ಅಡುಗೆಮನೆಗೆ ಹೋಗಿ, ಮೇಲಿನ ಫಳಿಯ ಮೇಲೆ ವಿಶ್ರಾಂತಿ ಪಡೆಯುತ್ತಿದ್ದ ಡಬ್ಬಿಯನ್ನು ಇಳಿಸಿ, ಧೂಳು ಒರೆಸಿ, ಗೇಟಿನ ಕಂಬದ ಮೇಲೆ ಬೋರಲು ಹಾಕಿ ಬಂದು ಮಲಗಿದೆ.

ಏನು ಪರಿಣಾಮ ಅಂತೀರಿ! ಬಕೆಟ್ಟು ಅಲ್ಲಿಗೇ ನಿಂತಿತು. ಮಕ್ಕಳಿಬ್ಬರೂ ಒಂದು ಪ್ರಶ್ನೆ ಕೇಳದೆ, ಯಾರೋ ಸ್ವಿಚ್ ಒತ್ತಿದ ಹಾಗೆ, ಪಿಸುದನಿಗೆ ಇಳಿದುಬಿಟ್ಟರು. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ. ಮರುದಿನವೂ ಡಬ್ಬಿ ಕಂಬವೇರಿತು. ಅದರ ಮರುದಿನವೂ. ಮೊದಲು ಊಟವಾದ ಮೇಲಿನ ಒಂದು ತಾಸಿಗೆಂದು ಇಟ್ಟದ್ದು, ನಂತರ ಹನ್ನೆರಡರಿಂದ ಐದರವರೆಗೆ ಸಲೀಸಾಗಿ ಚಾಚಿಕೊಂಡಿತು. ಓಣಿಯ ಬೇರೆಲ್ಲ ಕಂಬಗಳು ಬೋಳಾಗಿದ್ದವು; ಚಿಮಣಿಯಲ್ಲಿ ಹೊಗೆಯಿಲ್ಲದ ಊರಿನಲ್ಲಿ ನನ್ನದೊಂದೇ ಮನೆ ರಾತ್ರಿಪಾಳಿ ಮುಗಿಸಿ ಮಲಗಿತ್ತು. ಹೋಗಿಬರುವವರು ಕಾರಖಾನೆಯಲ್ಲಿ ಇವರಿಗೇನೋ ವಿಶೇಷ ಕೆಲಸ ಬಿದ್ದಿರಬೇಕೆಂದು ತಿಳಿದು ಎಂದಿನಂತೆ ಧ್ವನಿ ತಗ್ಗಿಸುತ್ತಿದ್ದರು. ನಾಲ್ಕನೆಯ ಮನೆಯ ಅಕ್ಕಾತಾಯಿ ಸುನಂದಾಳ ಬಳಿ ಮರುಕದಿಂದ ಅಂದಳಂತೆ: “ಪಾಪ, ಬ್ಯಾಸಗ್ಯಾಗೂ ನಿಮ್ಮ ಮನಿಯವರಿಗೆ ಬಿಡವಿಲ್ಲ ನೋಡ.” ಸುನಂದಾ ಇದನ್ನು ನನಗೆ ಹೇಳಿ ನನ್ನ ಮುಖವನ್ನೇ ನೋಡಿದಳು. ನಾನು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ.

ಇಷ್ಟಕ್ಕೂ ನಾನು ಆ ತಾಸುಗಳಲ್ಲಿ ನಿದ್ದೆ ಮಾಡುತ್ತಿದ್ದೆನೆಂದು ನೀವು ಭಾವಿಸಿದ್ದರೆ ಅದು ನಿಮ್ಮ ದೊಡ್ಡತನ. ಅರ್ಧ ತಾಸು ನಿದ್ದೆ ನಿಜ. ಉಳಿದದ್ದೆಲ್ಲ ಮೊಬೈಲ್. ಯಾವುದೋ ದೂರದೇಶದ ಕಾಡಿನಲ್ಲಿ ಇಬ್ಬರು ಗಂಡಸರು ಬರೀ ಕೋಲು ಮತ್ತು ಕೈಗಳಿಂದ ನೆಲ ತೋಡಿ ಈಜುಕೊಳ ಕಟ್ಟುವ ವಿಡಿಯೊಗಳು ನನ್ನನ್ನು ಅದೇಕೋ ಬಲವಾಗಿ ಆಕರ್ಷಿಸಿದ್ದವು. ಅವರು ಒಂದು ಮಾತನ್ನೂ ಆಡುವುದಿಲ್ಲ, ಸುಮ್ಮನೆ ತೋಡುತ್ತಾರೆ. ಪರಿಶ್ರಮದ ಮಹತ್ವ ಮನಗಾಣಲು ಇದಕ್ಕಿಂತ ಆರಾಮದ ಮಾರ್ಗ ಇನ್ನೊಂದಿಲ್ಲ. ಧ್ವನಿ ಸಣ್ಣದು ಮಾಡಿಕೊಂಡು, ಬಾಗಿಲಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನೋಡುತ್ತಿದ್ದೆ. ನಲವತ್ತರ ಹೊಸ್ತಿಲಿನ ಗೃಹಸ್ಥನೊಬ್ಬ ತನ್ನದೇ ಮನೆಯಲ್ಲಿ, ತನ್ನದೇ ಮಕ್ಕಳಿಂದ ಮೊಬೈಲ್ ಬಚ್ಚಿಟ್ಟುಕೊಳ್ಳುವ ದೃಶ್ಯವನ್ನು ಊಹಿಸಿಕೊಳ್ಳಿ. ಅಥವಾ ಬೇಡ, ಊಹಿಸಿಕೊಳ್ಳಬೇಡಿ.

ಈ ನಡುವೆ ನನ್ನ ತಂಗಿಯ ಮಗಳು ಸಾನಿಕಾ ಸೂಟಿಗೆಂದು ಬಂದಳು. ಅವಳದು ನಿಪ್ಪಾಣಿಯ ಆಚೆ ಕೊಗನೊಳ್ಳಿ. ಮನೆಯ ಮುಂದೆಯೇ ಹೈವೇ. ಹುಟ್ಟಿದಾಗಿನಿಂದ ಲಾರಿಗಳ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಹುಡುಗಿ, ಉಪ್ಪು ಕೇಳಿದರೂ ಊರಿಗೆ ಕೇಳಿಸುತ್ತದೆ. ಬಂದ ಮರುದಿನವೇ ಅವಳು ನನ್ನ ಮಂಚದ ಪಕ್ಕ ನಿಂತು, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

“ಮಾಮಾ, ಕಾರಖಾನಿ ಬಂದ್ ಐತಿ ಅಂತ ಅವ್ವ ಹೇಳತಿದ್ದಳು. ಮತ್ತ ನೀವು ಡಬ್ಬಿ ಯಾಕ ಡಬ್ಬ ಹಾಕೀರಿ?”

ನಮ್ಮ ಕಡೆ ಬೋರಲು ಹಾಕುವುದಕ್ಕೆ ‘ಡಬ್ಬ ಹಾಕು’ವುದೆಂದೇ ಹೇಳುತ್ತಾರೆ. ಸೀಜನ್ನಿನಲ್ಲಿ ಬಿಟ್ಟ ನಿದ್ದೆ ಬಹಳ ಇದೆ, ಅದು ಇನ್ನೂ ಮುಗಿದಿಲ್ಲ ಎಂದು ನಾನು ಗಾಂಭೀರ್ಯದಿಂದ ಉತ್ತರಿಸಿದೆ. “ಎಂದ ಮುಗೀತೈತ್ರಿ?” ಎಂದಳು. ಬಾಗಿಲಲ್ಲಿ ನಿಂತಿದ್ದ ಮಯೂರಿ ಓಡಿಬಂದು ಅವಳ ಕೈ ಹಿಡಿದು, ಶ್ ಎಂದು, ಹೊರಗೆ ಕರೆದೊಯ್ದಳು. ಒಂದು ವಾರ ಇರಲು ಬಂದಿದ್ದ ಸಾನಿಕಾ ನಾಲ್ಕೇ ದಿನಕ್ಕೆ ಫೋನ್ ಮಾಡಿ ತನ್ನಪ್ಪನನ್ನು ಕರೆಸಿಕೊಂಡು ಊರಿಗೆ ಹೋದಳು. ಇಲ್ಲಿ ಬೇಸರವಾಗುತ್ತದೆ ಅಂದಳಂತೆ. ಈಗಿನ ಮಕ್ಕಳಿಗೆ ಸಂಯಮವೇ ಇಲ್ಲವೆಂದು ನಾನು ಅಭಿಪ್ರಾಯಪಟ್ಟೆ.

ನನ್ನ ಮಕ್ಕಳ ಸಂಯಮದ ಬಗ್ಗೆ ಮಾತ್ರ ನನಗೆ ಅಪಾರ ಹೆಮ್ಮೆ. ಹಿತ್ತಲಿನ ಬೇವಿನ ಮರದ ಕೆಳಗೆ ಅವರ ಮನೆ‌ಆಟ ನಡೆಯುತ್ತಿತ್ತು, ಮತ್ತು ನನ್ನ ಕೋಣೆಯ ಕಿಟಕಿ ಅತ್ತ ಕಡೆಗೇ ಇತ್ತು. ಒಂದು ದಿನ ಪರದೆ ಸರಿಸಿ ನೋಡಿದೆ. ಮಯೂರಿ ಅವ್ವನಾಗಿ ಮಣ್ಣಿನ ಭಕ್ರಿ ತಟ್ಟುತ್ತಿದ್ದಳು. ಸಮರ್ಥ ಎಮ್ಮೆ, ಮೊಣಕಾಲೂರಿ, ಬಾಲಕ್ಕೆಂದು ಟಾವೆಲ್ ಸಿಕ್ಕಿಸಿಕೊಂಡಿದ್ದ. ಅಪ್ಪನ ಪಾತ್ರಕ್ಕೆ ಆಳು ಸಾಲದೆ ಒಂದು ಹಳೆಯ ಕೌದಿಯನ್ನು ಉದ್ದಕ್ಕೆ ಸುತ್ತಿ, ಗೋಡೆಯ ಬದಿಗೆ ಮಲಗಿಸಿದ್ದರು. ಎರಡು ಇಟ್ಟಿಗೆ ಪೇರಿಸಿ ಮಾಡಿದ ಗೇಟಿನ ಕಂಬ. ಅದರ ಮೇಲೆ ಒಂದು ಪುಟ್ಟ ಬಟ್ಟಲು ಬೋರಲು. ಆಟ ನಡೆದಷ್ಟು ಹೊತ್ತೂ ಅವ್ವ ಪಿಸುಮಾತಿನಲ್ಲೇ ಎಮ್ಮೆಗೆ ಬೈದಳು. ಎಮ್ಮೆಗೆ ಹಸಿವಾಯಿತು. ಅದು ಕೌದಿಯ ಕಡೆ ಒಮ್ಮೆ ನೋಡಿ, ಬಾಯಿ ಅಗಲ ತೆರೆದು, ಉಸಿರಿನಲ್ಲೇ “ಅಂಬೇ” ಎಂದಿತು.

ನನಗೆ ನಗು ಬಂತು. ಎಂಥ ಶಿಸ್ತಿನ ಮಕ್ಕಳು ಎಂದುಕೊಂಡೆ. ಸಂಜೆ ಚಹಾದಂಗಡಿಯಲ್ಲಿ ಇದನ್ನು ವರ್ಣಿಸಿ, ಮಕ್ಕಳನ್ನು ಬೆಳೆಸುವ ಬಗ್ಗೆ ನಾಲ್ಕು ಜನರಿಗೆ ಉಪದೇಶವನ್ನೂ ಮಾಡಿದೆ. ಎಮ್ಮೆ ಪಿಸುಗುಟ್ಟಿದ ಮಾತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಿಗೆ ಕಂಡದ್ದನ್ನು ಇಷ್ಟು ಚೆನ್ನಾಗಿ ವರ್ಣಿಸಬಲ್ಲವನಿಗೆ ತಾನು ಏನನ್ನು ಕಂಡೆನೆಂದು ತಿಳಿಯದೆ ಹೋಗಬಹುದು. ಇದು ಹೇಗೆ ಸಾಧ್ಯವೆಂದು ನನ್ನನ್ನು ಕೇಳಬೇಡಿ, ನಾನೂ ಅದನ್ನೇ ಯೋಚಿಸುತ್ತಿದ್ದೇನೆ.

ಆಮೇಲೆ ಆ ದಿನ ಬಂತು. ಅಕ್ಕಾತಾಯಿಯ ಮನೆಯಲ್ಲಿ ಹಪ್ಪಳದ ಹಿಟ್ಟು ಕಲಸಿದ್ದರು. ನಮ್ಮಲ್ಲಿ ಬೇಸಿಗೆಯ ಹಪ್ಪಳ ಶ್ಯಾವಿಗೆಗಳೆಲ್ಲ ಹೀಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಕೈಹಚ್ಚಿಯೇ ಆಗುವುದು. ಸುನಂದಾ ಲಟ್ಟಣಿಗೆ ಹಿಡಿದು ಹೊರಟವಳು ಬಾಗಿಲಲ್ಲಿ ನಿಂತು, “ಹಪ್ಪಳ ಲಟ್ಟಸಾಕ ಹೋಗಿ ಬರ್ತೀನ್ರಿ. ಹುಡುಗೂರ ಕಡೆ ಒಂದೀಟ ಲಕ್ಷ್ಯ ಇರ್ಲಿ” ಎಂದಳು. ನಾನು ಹೂಂ ಎಂದೆ. ಅವಳು ತಿರುವು ದಾಟಿದ್ದೇ ಡಬ್ಬಿ ಕಂಬಕ್ಕೇರಿತು. ಮಕ್ಕಳು ಬೇವಿನ ಮರದ ಕೆಳಗೆ ಹೋದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಕಾಡಿನ ಇಬ್ಬರು ಗಂಡಸರು ಅಂದು ಈಜುಕೊಳಕ್ಕೆ ನೀರು ತಿರುಗಿಸುವ ಹಂತಕ್ಕೆ ಬಂದಿದ್ದರು.

ಹಿತ್ತಲಿನಿಂದ ಒಂದು ಸದ್ದು ಕೇಳಿಸಿತು. ಅಳುವಿನ ಮೊದಲ ಅಕ್ಷರದಂಥ ಸದ್ದು, ಒಂದೇ ಒಂದು, ಮತ್ತು ಅದು ಅರ್ಧಕ್ಕೇ ತುಂಡಾಯಿತು. ವಿಡಿಯೊ ನಿಲ್ಲಿಸಿ ಕಿವಿಗೊಟ್ಟೆ. ಏನೂ ಇಲ್ಲ. ಎಲ್ಲ ಸ್ತಬ್ಧ. ಏನೂ ಇಲ್ಲವೆಂದರೆ ಏನೂ ಆಗಿಲ್ಲ ಎಂದು ನಂಬುವುದು ಎಷ್ಟು ಸುಲಭ ನೋಡಿ. ನಾನು ವಿಡಿಯೊ ಮುಂದುವರಿಸಿದೆ. ನೀರು ತುಂಬಿತು, ಇಬ್ಬರೂ ಅದರಲ್ಲಿ ಧುಮುಕಿದರು. ಹತ್ತು ನಿಮಿಷವಾದರೂ ಆಗಿರಬೇಕು. ಬಾಯಾರಿತೆಂದು ನೀರಿಗಾಗಿ ಎದ್ದವನು, ಕಿಟಕಿಯ ಪರದೆ ಸರಿದಿದ್ದರಿಂದ ಮಾತ್ರ, ಹೊರಗೆ ನೋಡಿದೆ.

ಮಯೂರಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಸಮರ್ಥನ ತಲೆ ಅವಳ ಮಡಿಲಲ್ಲಿ. ಅವಳ ಎಡ ಅಂಗೈ ಅವನ ಬಾಯನ್ನು ಬಿಗಿಯಾಗಿ ಮುಚ್ಚಿತ್ತು. ಅವನ ಎದೆ ಏಳುತ್ತಿತ್ತು, ಬೀಳುತ್ತಿತ್ತು, ಕಣ್ಣಿನಿಂದ ನೀರು ಅವಳ ಬೆರಳುಗಳ ಮೇಲೆ ಇಳಿಯುತ್ತಿತ್ತು. ಬಲಗಿವಿ ಊದಿ ಕೆಂಪಾಗಿತ್ತು, ರೆಪ್ಪೆಯೂ ಬಾತುಕೊಂಡು ಒಂದು ಕಣ್ಣು ಮುಚ್ಚಿಹೋಗಿತ್ತು. ಬೇವಿನ ಮರದ ಬೊಡ್ಡೆಯಲ್ಲಿ ಕಡಜ ಗೂಡು ಕಟ್ಟಿದ್ದನ್ನು ಎಮ್ಮೆ ನೋಡಿರಲಿಲ್ಲ. ಮಯೂರಿ ಬಾಯಿ ಮುಚ್ಚಿದ ಕೈ ತೆಗೆಯದೆಯೇ ಬಗ್ಗಿ, ಆ ಕಿವಿಗೆ ಉಫ್ ಉಫ್ ಎಂದು ಗಾಳಿ ಊದುತ್ತಿದ್ದಳು. ಅವಳ ಕಣ್ಣಲ್ಲೂ ನೀರು.

ನಾನು ಓಡಿಹೋದೆ. ನನ್ನ ಹೆಜ್ಜೆಯ ಸದ್ದಿಗೆ ತಲೆ ಎತ್ತಿದವಳ ಮುಖದಲ್ಲಿ ಕಂಡದ್ದು ಭಯ. ಕಡಜದ ಭಯವಲ್ಲ. ಅವಳು ಪಿಸುಗುಟ್ಟಿದಳು:

“ಹುಳ ಕಡದೈತ್ರಿ. ಈಗ ಸುಮ್ಮನಾಗ್ತಾನ ಪಪ್ಪಾ. ನೀವು ಮಲ್ಕೋರ್ರಿ.”

ಆ ಮಾತನ್ನು ಕೇಳಿ ನನಗೆ ಏನಾಯಿತು ಎಂಬುದನ್ನು ಅಲಂಕಾರ ಮಾಡಿ ಬರೆಯುವ ಮನಸ್ಸಿಲ್ಲ. ನಾಚಿಕೆಯಾಯಿತು. ಮಗನನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಬಿಸಿಲಿಗೆ ಕಾದ ರಸ್ತೆಯ ಮೇಲೆ ಓಣಿಯ ತುದಿಯ ದವಾಖಾನೆಗೆ ಓಡಿದೆ. ಮಯೂರಿ ನನ್ನ ಹಿಂದೆ ಓಡಿಬಂದಳು. ಗೇಟು ದಾಟುವಾಗ ಅವಳು ಅದನ್ನು ಸದ್ದಾಗದಂತೆ ಮೆಲ್ಲಗೆ ಮುಂದಕ್ಕೆ ಎಳೆದುಕೊಂಡದ್ದು ನನಗೆ ಕಂಡಿತು.

ಡಾಕ್ಟರು ಗಾಬರಿಯಾಗಬೇಕಾದ್ದಿಲ್ಲ ಎಂದರು, ಸೂಜಿ ಚುಚ್ಚಿದರು. ಚುಚ್ಚುವಾಗ ಸಮರ್ಥ ಡಾಕ್ಟರನ್ನು ನೋಡಲಿಲ್ಲ, ಸೂಜಿಯನ್ನೂ ನೋಡಲಿಲ್ಲ. ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತ, ತುಟಿ ಕಚ್ಚಿ ಹಿಡಿದ. ಡಾಕ್ಟರಿಗೆ ಬಹಳ ಮೆಚ್ಚಿಕೆಯಾಯಿತು. “ಭಾಳ ಧೈರ್ಯದ ಹುಡುಗ ಅದಾನ್ರೀ ನಿಮ್ಮಾಂವ. ದೊಡ್ಡವರ ಚೀರತಾರ ಇಲ್ಲಿ” ಎಂದರು. ಹೌದ್ರಿ ಎಂದು ನಾನು ತಲೆದೂಗಿದೆ. ಅಷ್ಟೆಲ್ಲ ಆದ ಮೇಲೂ ಒಂದು ಹೊಗಳಿಕೆ ಸಿಕ್ಕರೆ ಅದನ್ನು ಬಿಡದೆ ಜೇಬಿಗೆ ಹಾಕಿಕೊಳ್ಳುವ ಜಾತಿ ನನ್ನದು.

ಸುದ್ದಿ ಮುಟ್ಟಿ ಸುನಂದಾ ಹಿಟ್ಟಿನ ಕೈಯಲ್ಲೇ ದವಾಖಾನೆಗೆ ಬಂದಳು. ಮಗನನ್ನು ಎದೆಗೆ ಒತ್ತಿಕೊಂಡು, ಅವನ ಕಿವಿ ನೋಡಿ, ನನ್ನ ಕಡೆ ತಿರುಗಿದಳು. “ನೀವ ಎಲ್ಲಿದ್ರಿ?” ಎಂದಳು. ಆಗಲಾದರೂ ನಾನು ನಿಜ ಹೇಳಬಹುದಿತ್ತು. “ಮಲಗಿದ್ದೆ. ಜ್ವಾಂಪ ಹತ್ತಿತ್ತು” ಎಂದೆ. ಅವಳ ಮುಖದ ಸಿಟ್ಟು ಕಣ್ಣೆದುರಿಗೇ ಇಳಿದುಹೋಯಿತು. “ಹೋಗ್ಲಿ ಬಿಡ್ರಿ. ನಿದ್ದ್ಯಾಗಿದ್ದವರಿಗೆ ಏನ ಗೊತ್ತಾಗಬೇಕು” ಎಂದು ಧ್ವನಿ ತಗ್ಗಿಸಿದಳು. ಅವಳು ನಂಬಿದ್ದೇ ನನಗೆ ಹೆಚ್ಚು ಚುಚ್ಚಿತು. ಮಯೂರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು.

ಆ ಸಂಜೆಯೇ ಡಬ್ಬಿಯನ್ನು ಒಳಗೆ ತಂದು ಫಳಿಯ ಹಿಂಭಾಗಕ್ಕೆ ಸರಿಸಿಟ್ಟೆ. ಅಷ್ಟಕ್ಕೆ ಎಲ್ಲ ಸರಿಹೋಗುತ್ತದೆ, ಮರುದಿನ ಬಕೆಟ್ಟಿನ ಮೆರವಣಿಗೆ ಹೊರಡುತ್ತದೆ ಎಂದು ಕಾದೆ. ಹೊರಡಲಿಲ್ಲ. ಎರಡು ದಿನದ ಮೇಲೆ ಮಧ್ಯಾಹ್ನ ಕುಲ್ಫಿಯವನು ಬಂದ. ಬೋಳು ಕಂಬ ಕಂಡು, ಇಡೀ ಬೇಸಿಗೆಯಲ್ಲಿ ಮೊದಲ ಸಲ ನಮ್ಮ ಮನೆಯ ಮುಂದೆ ಗಂಟೆ ಬಾರಿಸಿದ. ಮಕ್ಕಳು ಓಡಿಬರುತ್ತಾರೆಂದು ನಾನು ಕಟ್ಟೆಯ ಮೇಲೆ ನಿಂತಿದ್ದೆ. ಸಮರ್ಥ ಓಡಿಯೇನೋ ಬಂದ, ಆದರೆ ಗೇಟಿನವರೆಗೆ ಹೋಗಿ, ಬಾಯಿಯ ಮೇಲೆ ಬೆರಳಿಟ್ಟು, ಸುಮ್ಮನಿರುವಂತೆ ಅವನಿಗೆ ಸನ್ನೆ ಮಾಡಿದ. ಕುಲ್ಫಿಯವನು ಪೆಚ್ಚಾಗಿ ನನ್ನ ಕಡೆ ನೋಡಿ, “ಚುಕಲಾ ಸಾಹೇಬ, ತಪ್ಪಾತು. ಡಬ್ಬಿ ಕಾಣಲಿಲ್ರಿ, ಅದಕ ಗಂಟಿ ಹೊಡದೆ” ಎಂದು ಕ್ಷಮೆ ಕೇಳಿದ. ತಪ್ಪು ಅವನದಲ್ಲವೆಂದು ಹೇಳಿ, ಕುಲ್ಫಿ ಕೊಡಿಸಿದೆ. ಇಬ್ಬರೂ ಬೇವಿನ ಮರದ ಕೆಳಗೆ ಹೋಗಿ ಕೂತು ಚೀಪಿದರು. ನನಗೆ ಒಳಗೆ ಇರಲಾಗಲಿಲ್ಲ, ಅವರ ಬಳಿಗೆ ಹೋದೆ.

ಕಡಜದ ಗೂಡನ್ನು ನಾನೇ ಹಿಂದಿನ ದಿನ ಹೊಗೆ ಹಾಕಿ ತೆಗೆದಿದ್ದೆ. ಮಕ್ಕಳು ಆಟದ ಮನೆ ಮತ್ತೆ ಹೂಡಿದ್ದರು. ಇವತ್ತು ಅಪ್ಪನ ಪಾತ್ರ ನಾನೇ ಮಾಡಲೇ ಎಂದು ಕೇಳಿದೆ. ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು, ಕಿವಿಯಲ್ಲಿ ಏನೋ ಚರ್ಚೆಯಾಯಿತು. ಕೊನೆಗೆ ಮಯೂರಿ, ನನಗೆ ನೋವಾಗಬಾರದೆಂಬ ಕಾಳಜಿಯಿಂದಲೇ ಹೇಳಿದಳು: “ಪಪ್ಪಾ ಅಂದ್ರ ಬರೇ ಮಲ್ಕೊಳ್ಳೂದರಿ. ನಿಮಗ ಬ್ಯಾಸರಾಗ್ತೈತಿ. ನೀವು ಎಮ್ಮಿ ಆಗ್ರಿ.”

ನಾನು ಎಮ್ಮೆಯಾದೆ. ಎಮ್ಮೆಯ ಕೆಲಸವೂ ಸಣ್ಣದಲ್ಲ, ಮೊಣಕಾಲು ನೋಯುತ್ತದೆ, ಕಲ್ಲು ಚುಚ್ಚುತ್ತದೆ. ಸಮರ್ಥ ಹುಲ್ಲು ತರಲೆಂದು ಬೇಲಿಯ ಕಡೆ ಹೋದ. ಮಯೂರಿಯೊಬ್ಬಳೇ ಇದ್ದಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿತು. ಎಮ್ಮೆಯಂತೆ ನಾಲ್ಕು ಕಾಲ ಮೇಲೆ ನಿಂತಿದ್ದಾಗಲೇ, ಅವಳ ಮುಖ ನೋಡದೆ ಹೇಳಿದೆ:

“ಮಯೂ, ಅವತ್ತ ತಮ್ಮಗ ಹುಳ ಕಡದಾಗ ನಾ ಮಲಗಿದ್ದಿಲ್ಲವ್ವಾ. ಎಚ್ಚರಿದ್ದೆ.”

ಅವಳು ಭಕ್ರಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ರಿ,” ಎಂದಳು. “ಕಿಟಕಿ ಪರದಿ ಸಂದ್ಯಾಗಿಂದ ಮೊಬೈಲ್ ಕಾಣತಿತ್ತು. ದಿನಾ ಕಾಣತಿತ್ತು.”

“ಮತ್ತ ನನ್ನ ಯಾಕ ಕರೀಲಿಲ್ಲ?”

“ಡಬ್ಬಿ ಇಟ್ಟಿದ್ರಲ್ರಿ.”

ಇದರಲ್ಲಿ ಆಕ್ಷೇಪಣೆಯಿರಲಿಲ್ಲ. ಎಂಟು ವರ್ಷದ ಹುಡುಗಿ ಮನೆಯ ಒಂದು ನಿಯಮವನ್ನು ನನಗೆ ನೆನಪು ಮಾಡಿಕೊಟ್ಟಳು, ಅಷ್ಟೆ. ಅಪ್ಪ ಮಲಗಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯೇ ಅವಳಿಗೆ ಮುಖ್ಯವಾಗಿರಲಿಲ್ಲ. ಅಪ್ಪನಿಗೆ ನಾವು ಬೇಡವಾದಾಗ ಡಬ್ಬಿ ಬೋರಲಾಗುತ್ತದೆ ಎಂದು ಅವಳು ಎಂದೋ ಅರ್ಥ ಮಾಡಿಕೊಂಡಿದ್ದಳು. ನಾನು ಬಾಯಿ ಬಿಟ್ಟು ಏನನ್ನೋ ಹೇಳಲು ಹೊರಟೆ. ಅವಳು ಬೇಲಿಯ ಕಡೆಗೊಮ್ಮೆ, ಅಡುಗೆಮನೆಯ ಕಡೆಗೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು, ಧೈರ್ಯ ಹೇಳುವವಳಂತೆ ಅಂದಳು:

“ಅವ್ವಗ ನಾ ಹೇಳಿಲ್ರಿ. ಹೇಳೂದೂ ಇಲ್ಲ.”

ನನ್ನನ್ನು ಕಾಯುತ್ತಿದ್ದಳು ಆ ಮಗು. ತಮ್ಮನ ಬಾಯಿ ಮುಚ್ಚಿದಂತೆ ತನ್ನ ಬಾಯನ್ನೂ ಮುಚ್ಚಿಕೊಂಡು, ಎರಡು ದಿನದಿಂದ ನನ್ನ ಸುಳ್ಳನ್ನು ತಾನು ಹೊತ್ತುಕೊಂಡು ತಿರುಗುತ್ತಿದ್ದಳು. ನಾನು ಎದ್ದು, ಮೊಣಕಾಲಿನ ಮಣ್ಣನ್ನೂ ಝಾಡಿಸದೆ, ನೆಟ್ಟಗೆ ಒಳಗೆ ಹೋದೆ. ಸುನಂದಾ ನನಗೆ ಬೆನ್ನು ಹಾಕಿ ಕೂತು, ಒರಳಿನಲ್ಲಿ ಶೇಂಗಾ ಚಟ್ನಿಯ ಹಿಂಡಿ ಕುಟ್ಟುತ್ತಿದ್ದಳು. ಬಾಗಿಲಲ್ಲಿ ನಿಂತು ಹೇಳಿಯೇಬಿಟ್ಟೆ. ಆದರೆ ಹೊರಬಿದ್ದದ್ದು ಮಕ್ಕಳು ಆಡುವಂಥ ಪಿಸುಮಾತು.

ಅವಳು ಕುಟ್ಟುವುದನ್ನು ನಿಲ್ಲಿಸಿ ತಿರುಗಿದಳು. “ಏನಂದ್ರಿ? ಒಂದೀಟ ಜೋರ್ಲೆ ಹೇಳ್ರಿ. ಯಾರ ಮಲಗ್ಯಾರ ಇಲ್ಲಿ?”

ಹಿತ್ತಲ ಬಾಗಿಲು ತೆರೆದಿತ್ತು. ಮಕ್ಕಳಿಬ್ಬರೂ ಬೇವಿನ ನೆರಳಿನಲ್ಲಿ ನಿಂತು ಇತ್ತ ಕಡೆಯೇ ನೋಡುತ್ತಿದ್ದರು. ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಪಕ್ಕದ ಮನೆಯವರಿಗೆ ಕೇಳಿಸಿದರೂ ಕೇಳಿಸಲಿ ಎಂದು, ಇನ್ನೊಮ್ಮೆ ಹೇಳಿದೆ:

“ಅವತ್ತ ನಾ ಮಲಗಿದ್ದಿಲ್ಲ, ಸುನಂದಾ. ಹುಡುಗ ಅತ್ತಿದ್ದು ನನಗ ಕೇಳಿಸಿತ್ತು.”